ಪೂರ್ವ ಬಂಗಾಳದ ನಿರಾಶ್ರಿತರೂ ೧೯೭೧ರ ವಾದವಿವಾದವೂ

ಮನೆಮಠಗಳನ್ನು ಕಳೆದುಕೊಂಡು ಪರದೇಶವನ್ನು ಸೇರಿದವನನ್ನು ನಾವು ಕನ್ನಡದಲ್ಲಿ ‘ನಿರಾಶ್ರಿತ’ನೆನ್ನುತ್ತೇವೆ. ಮುಂಬಯಿಯಲ್ಲಿ ನಮ್ಮ ನೆರೆಯ ಮರಾಠಿಗರು ಅವನನ್ನೇ ‘ನಿರ್ವಾಸಿತ’ನೆನ್ನುವರು. ಬಂಗಾಳಿಗಳಲ್ಲಿ ‘ಉದ್ವಾಸ್ತು’ ಎಂಬ ಮಾತುಂಟು. ಹಿಂದಿಯವರು ‘ಶರಣಾರ್ಥಿ’ಯೆನ್ನುವರು. ನಾಲ್ಕೂ ಸಂಸ್ಕೃತಮೂಲದ ಪದಗಳೇ ಆದರೂ ಅವುಗಳ ದೃಷ್ಟಿ ಬೇರೆ ಬೇರೆ. ಆಸರೆಯಿಲ್ಲದವನು ನಿರಾಶ್ರಿತ, ವಾಸದ ನೆಲೆಯಿಂದ ಹೊರದೂಡಿಸಿಕೊಂಡವನು ನಿರ್ವಾಸಿತ, ಮನೆ ನಿಂತ ನೆಲದಿಂದಲೇ ಕಿತ್ತುಬಂದವನು ಉದ್ವಾಸ್ತು. ಶರಣಾರ್ಥಿಯಾದರೋ ನಮ್ಮ ಬಾಗಿಲಿಗೆ ಬಂದು ರಕ್ಷಣೆಯನ್ನು ಬೇಡುವವನು. ಮೊದಲಿನ ಮೂರು ಮಾತುಗಳು ಅವನಿಗೆ ಒದಗಿದ ಗತಿಯನ್ನು ಹೇಳುತ್ತವೆ. ಕೊನೆಯ ಮಾತು ನಮ್ಮನ್ನೂ ಆ ಕಥೆಯೊಳಕ್ಕೆ ಎಳೆದುಕೊಳ್ಳುತ್ತದೆ.

ನಮ್ಮ ವಿದ್ಯಾರ್ಥಿಗಳಲ್ಲಿ ಹಲವರ ಹಿರಿಯರು ಕರಾವಳಿಯಿಂದಲೋ ಬಿಜಾಪುರ, ಕಲಬುರ್ಗಿಗಳ ಕಡೆಯಿಂದಲೋ ಹೊಟ್ಟೆಪಾಡಿಗಾಗಿ ಈ ನಗರಕ್ಕೆ ಬಂದವರು. ಅವರಿಗೆ ಕಷ್ಟವಿದ್ದಿತು, ಆದರೆ ಊರಿನ ಬಾಗಿಲು ಮುಚ್ಚಿರಲಿಲ್ಲ; ಜಾತ್ರೆಗೋ ಮದುವೆಗೋ ಹೋಗಿ ಬರುತ್ತಿದ್ದರು. ನಿರಾಶ್ರಿತನಿಗೆ ಆ ಭಾಗ್ಯವಿಲ್ಲ. ೧೯೫೧ರ ಜಿನೀವಾ ಒಪ್ಪಂದದ ಪ್ರಕಾರ, ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ವರ್ಗ ಅಥವಾ ರಾಜಕೀಯ ಅಭಿಪ್ರಾಯದ ಕಾರಣದಿಂದ ಹಿಂಸೆಗೆ ಗುರಿಯಾಗುವೆನೆಂಬ ಸಕಾರಣವಾದ ಭಯದಿಂದ ಸ್ವದೇಶದ ಹೊರಗಿರುವವನೇ ನಿರಾಶ್ರಿತ. ಈ ಒಪ್ಪಂದಕ್ಕಾಗಲಿ ಅದನ್ನು ವಿಸ್ತರಿಸಿದ ೧೯೬೭ರ ಒಡಂಬಡಿಕೆಗಾಗಲಿ ಭಾರತವು ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ನಮ್ಮಲ್ಲಿ ಪ್ರತ್ಯೇಕ ಕಾನೂನೂ ಇಲ್ಲ. ಆದುದರಿಂದ ಇಂಥ ಪ್ರಶ್ನೆ ತಲೆದೋರಿದಾಗಲೆಲ್ಲ ಸರಕಾರದ ವಿವೇಚನೆಯೂ ಜನರ ವಾದವಿವಾದವೂ ಸೇರಿ ದಾರಿಯನ್ನು ನಿರ್ಣಯಿಸಬೇಕಾಗುತ್ತದೆ. ಇದಕ್ಕೆ ೧೯೭೧ರ ವರ್ಷಕ್ಕಿಂತ ದೊಡ್ಡ ನಿದರ್ಶನ ನಮ್ಮ ಸ್ವತಂತ್ರ ಭಾರತದ ಚರಿತ್ರೆಯಲ್ಲಿ ದೇಶವಿಭಜನೆಯೊಂದನ್ನು ಬಿಟ್ಟರೆ ಮತ್ತೊಂದಿಲ್ಲ.

ಅಂದಿನ ಪಾಕಿಸ್ತಾನಕ್ಕೆ ಎರಡು ಭಾಗಗಳು. ಅವುಗಳ ನಡುವೆ ಸುಮಾರು ಸಾವಿರ ಮೈಲಿ ಭಾರತದ ನೆಲ. ಪೂರ್ವಭಾಗದವರು ಬಂಗಾಳಿ ಭಾಷಿಕರು. ತಮ್ಮ ನುಡಿಗೆ ರಾಷ್ಟ್ರಭಾಷೆಯ ಸ್ಥಾನವನ್ನು ಕೇಳಿ ೧೯೫೨ರ ಫೆಬ್ರವರಿ ೨೧ರಂದು ಢಾಕಾದಲ್ಲಿ ಗುಂಡಿಗೆ ಎದೆಗೊಟ್ಟ ವಿದ್ಯಾರ್ಥಿಗಳ ದಿನವನ್ನೇ ಇಂದು ಲೋಕವೆಲ್ಲ ಮಾತೃಭಾಷಾ ದಿನವೆಂದು ಆಚರಿಸುತ್ತಿದೆ. ೧೯೭೦ರ ಡಿಸೆಂಬರಿನ ಚುನಾವಣೆಯಲ್ಲಿ ಷೇಕ್ ಮುಜಿಬುರ್ ರಹಮಾನರ ಅವಾಮಿ ಲೀಗ್ ಪಕ್ಷವು ಪೂರ್ವಭಾಗದ ೧೬೨ ಸಾಮಾನ್ಯ ಸ್ಥಾನಗಳಲ್ಲಿ ೧೬೦ನ್ನು ಗೆದ್ದು, ಇಡಿಯ ದೇಶದ ಸಭೆಯಲ್ಲಿ ಬಹುಮತವನ್ನು ಪಡೆಯಿತು. ಸೈನ್ಯಾಧಿಪತಿ ಯಾಹ್ಯಾಖಾನರು ಅಧಿಕಾರವನ್ನು ಒಪ್ಪಿಸಲಿಲ್ಲ. ೧೯೭೧ರ ಮಾರ್ಚ್ ೨೫ರ ರಾತ್ರಿ ಢಾಕಾದ ವಿಶ್ವವಿದ್ಯಾಲಯದ ಮೇಲೂ ಬೀದಿಗಳ ಮೇಲೂ ಸೈನ್ಯವು ಎರಗಿತು. ಅಂದಿನಿಂದ ಜನಪ್ರವಾಹ ಭಾರತದ ಕಡೆಗೆ ಹರಿಯತೊಡಗಿತು.

ಡಿಸೆಂಬರಿನ ಹೊತ್ತಿಗೆ ಹೀಗೆ ಬಂದವರ ಸಂಖ್ಯೆ ಸುಮಾರು ೯೯ ಲಕ್ಷ. ಇವರಲ್ಲಿ ಸುಮಾರು ೬೮ ಲಕ್ಷ ಮಂದಿ ೮೨೫ ಶಿಬಿರಗಳಲ್ಲಿದ್ದರು. ಉಳಿದವರಿಗೆ ನಂಟರಿಷ್ಟರ ಮನೆಗಳೇ ಗತಿ. ಸಂಖ್ಯೆ ದೊಡ್ಡದಾದಷ್ಟೂ ಅದು ಮನಸ್ಸಿಗೆ ತಾಕುವುದಿಲ್ಲವಾದ್ದರಿಂದ ತ್ರಿಪುರದ ಲೆಕ್ಕವೊಂದನ್ನೇ ನೋಡೋಣ. ೧೯೭೧ರ ಜನಗಣತಿಯಂತೆ ಆ ಪುಟ್ಟ ಪ್ರದೇಶದ ಜನಸಂಖ್ಯೆ ೧೫ ಲಕ್ಷ ೫೬ ಸಾವಿರ. ಅಲ್ಲಿಗೆ ಬಂದ ನಿರಾಶ್ರಿತರು ೧೪ ಲಕ್ಷಕ್ಕೂ ಮಿಕ್ಕಿ. ಎಂದರೆ ಮನೆಯಲ್ಲಿ ಎಷ್ಟು ಮಂದಿಯೋ ಹೆಚ್ಚುಕಡಿಮೆ ಅಷ್ಟೇ ಮಂದಿ ಒಮ್ಮೆಗೇ ಬಾಗಿಲಿಗೆ ಬಂದಂತಾಯಿತು. ಅತಿ ಹೆಚ್ಚಿನ ಭಾರ ಬಿದ್ದುದು ಪಶ್ಚಿಮ ಬಂಗಾಳದ ಮೇಲೆ. ಸುಮಾರು ೭೫ ಲಕ್ಷ ಜನ ಅಲ್ಲಿಗೆ ಬಂದರು. ಕಲಕತ್ತೆಯ ಹೊರವಲಯದ ಸಾಲ್ಟ್ ಲೇಕಿನಲ್ಲಿ, ಚರಂಡಿ ಕೆಲಸಕ್ಕೆಂದು ತಂದಿಟ್ಟಿದ್ದ ದೊಡ್ಡ ಸಿಮೆಂಟ್ ಕೊಳವೆಗಳೊಳಗೆ ಸಂಸಾರಗಳು ಮಳೆಗಾಲವನ್ನು ಕಳೆದುವು.

ಮಳೆಯೊಡನೆ ಕಾಲರಾ ಬಂದಿತು. ಗಡಿಯ ಬನಗಾಂವ್ ಆಸ್ಪತ್ರೆಯಲ್ಲಿ ರೋಗಿಗಳು ನೆಲದ ಮೇಲೆಯೇ ಬಿದ್ದಿದ್ದರು. ರಕ್ತನಾಳಕ್ಕೆ ಏರಿಸುವ ಔಷಧದ್ರವ ಮುಗಿಯುತ್ತ ಬಂದಿತ್ತು. ಆಗ ಡಾಕ್ಟರ್ ದಿಲೀಪ್ ಮಹಲನಬೀಸರು ಒಂದು ಲೀಟರ್ ನೀರಿಗೆ ೨೨ ಗ್ರಾಮ್ ಗ್ಲೂಕೋಸ್, ಮೂರೂವರೆ ಗ್ರಾಮ್ ಉಪ್ಪು, ಎರಡೂವರೆ ಗ್ರಾಮ್ ಅಡಿಗೆ ಸೋಡಾ ಬೆರೆಸಿ ಡ್ರಮ್ಮುಗಳಲ್ಲಿ ತುಂಬಿಸಿಟ್ಟು, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನೂರಕ್ಕೆ ನಾಲ್ಕಕ್ಕಿಂತಲೂ ಕೆಳಗಿಳಿಯಿತು. ಇಂದು ಔಷಧದಂಗಡಿಯಲ್ಲಿ ಕೆಲವೇ ರೂಪಾಯಿಗೆ ದೊರೆಯುವ ಓ.ಆರ್.ಎಸ್. ಪೊಟ್ಟಣವು ವೈದ್ಯಲೋಕದ ನಂಬಿಕೆಯನ್ನು ಗಳಿಸಿದುದು ಈ ಶಿಬಿರಗಳಲ್ಲಿ. ೨೦೨೨ರಲ್ಲಿ ತೀರಿಕೊಂಡ ಈ ವೈದ್ಯರಿಗೆ ಪದ್ಮವಿಭೂಷಣ ದೊರೆತುದು ಮರುವರ್ಷ. ಬಹಳ ತಡವಾಯಿತೆಂದೇ ನಮ್ಮ ಭಾವನೆ.

ಗಡಿಯಾಚೆಗೆ ನಡೆಯುತ್ತಿದ್ದುದನ್ನು ಜಗತ್ತಿಗೆ ತಿಳಿಯಪಡಿಸಿದವರಲ್ಲಿ ಅಗ್ರಗಣ್ಯನಾದವನು ಕರ್ನಾಟಕದ ಬೆಳಗಾವಿಯಲ್ಲಿ ಹುಟ್ಟಿ, ಕರಾಚಿಯಲ್ಲಿ ಬೆಳೆದ ಪತ್ರಕರ್ತ ಆಂಥೊನಿ ಮಸ್ಕರೇನ್ಹಸ್. ಎಲ್ಲವೂ ಶಾಂತವಾಗಿದೆಯೆಂದು ಬರೆಸುವ ಉದ್ದೇಶದಿಂದ ಪಾಕಿಸ್ತಾನದ ಸೈನ್ಯವು ಏಪ್ರಿಲಿನಲ್ಲಿ ಕೆಲವು ಪತ್ರಕರ್ತರನ್ನು ಪೂರ್ವಭಾಗಕ್ಕೆ ಕರೆದೊಯ್ದಿತು. ಅವರಲ್ಲಿ ಇವನೂ ಒಬ್ಬ. ಉಳಿದವರು ಬೇಕಾದಂತೆ ಬರೆದರು. ಕಂಡುದನ್ನು ಬರೆಯಲಾಗದಿದ್ದರೆ ಇನ್ನೊಂದಕ್ಷರವನ್ನೂ ಬರೆಯಲಾರೆನೆಂಬ ಸ್ಥಿತಿಗೆ ಇವನು ಬಂದನು. ಲಂಡನ್ನಿಗೆ ಹೋಗಿ ‘ಸಂಡೇ ಟೈಮ್ಸ್’ ಪತ್ರಿಕೆಯ ಸಂಪಾದಕನಿಗೆ ಎಲ್ಲವನ್ನೂ ತಿಳಿಸಿದನಾದರೂ ಹೆಂಡತಿ ಮಕ್ಕಳು ಕರಾಚಿಯಲ್ಲಿರುವ ತನಕ ಅಚ್ಚುಮಾಡುವಂತಿರಲಿಲ್ಲ. ಅನುಮಾನ ಬಾರದಿರಲೆಂದು ತಾನೇ ಕರಾಚಿಗೆ ಹಿಂದಿರುಗಿ, ಅವರನ್ನು ಮುಂದೆ ಕಳುಹಿಸಿ, ಅನಂತರ ಗಡಿ ದಾಟಿ ಆಫ್ಘಾನಿಸ್ತಾನವನ್ನು ಸೇರಿ ಪಾರಾದನು. ಜೂನ್ ೧೩ರಂದು ಆ ಲೇಖನ ಹೊರಬಿದ್ದಿತು. ಅದುವರೆಗೆ ‘ಭಾರತದ ಪ್ರಚಾರ’ವೆಂದು ತಳ್ಳಿಹಾಕುತ್ತಿದ್ದವರ ಬಾಯಿ ಬಹುಮಟ್ಟಿಗೆ ಕಟ್ಟಿತು.

ಇನ್ನು ನಮ್ಮ ದೇಶದೊಳಗಿನ ಚರ್ಚೆ. ಶಾಲೆಯ ಚರ್ಚಾಸ್ಪರ್ಧೆಯಲ್ಲಿ ಪರ ಮತ್ತು ವಿರೋಧವೆಂದು ಎರಡೇ ಪಕ್ಷಗಳಿರುವುದು ರೂಢಿ. ೧೯೭೧ರಲ್ಲಿ ಪಕ್ಷಗಳು ಅದಕ್ಕಿಂತ ಹೆಚ್ಚಾಗಿದ್ದುವು. ಮಾರ್ಚ್ ೩೧ರಂದು ಪಾರ್ಲಿಮೆಂಟು ಪೂರ್ವ ಬಂಗಾಳದ ಜನರಿಗೆ ಸಹಾನುಭೂತಿಯನ್ನೂ ಬೆಂಬಲವನ್ನೂ ಸೂಚಿಸುವ ನಿರ್ಣಯವನ್ನು ಒಮ್ಮತದಿಂದ ಅಂಗೀಕರಿಸಿತು. ಆದರೆ ಬೆಂಬಲವೆಂದರೇನು? ಬಾಂಗ್ಲಾದೇಶಕ್ಕೆ ಕೂಡಲೇ ಮನ್ನಣೆ ಕೊಡಬೇಕೆಂದು ಜಯಪ್ರಕಾಶ ನಾರಾಯಣರು ವಾದಿಸಿದರು. ಹಲವು ದೇಶಗಳ ರಾಜಧಾನಿಗಳನ್ನು ಸುತ್ತಿ ಬಂದರು. ಜನಸಂಘವು ಅದೇ ಬೇಡಿಕೆಯನ್ನಿಟ್ಟು ಆಗಸ್ಟಿನಲ್ಲಿ ದೆಹಲಿಯಲ್ಲಿ ಭಾರಿ ಮೆರವಣಿಗೆ ನಡೆಸಿತು. ಸರ್ವೋದಯದ ಹಿರಿಯರೂ ಜನಸಂಘದ ನಾಯಕರೂ ಒಂದೇ ಮಾತನ್ನಾಡಿದ ಸಂದರ್ಭಗಳು ವಿರಳ. ಪ್ರಧಾನಿ ಇಂದಿರಾ ಗಾಂಧಿಯವರಾದರೋ ತಡೆದರು. ಮಳೆಗಾಲದ ಬಂಗಾಳವೆಂದರೆ ನದಿಗಳ ಜಾಲ, ಸೈನ್ಯ ಸಾಗಲಾರದು. ಹಿಮ ಬಿದ್ದು ಕಣಿವೆಗಳು ಮುಚ್ಚಿದರೆ ಚೀನದ ಭಯ ಕಡಿಮೆ. ಜಗತ್ತಿನ ಅಭಿಪ್ರಾಯವನ್ನು ಒಲಿಸಿಕೊಳ್ಳಲೂ ಸಮಯ ಬೇಕಿತ್ತು. ಪಶ್ಚಿಮ ಬಂಗಾಳದ ಪರಿಸ್ಥಿತಿ ಬೇರೆ: ಅಲ್ಲಿ ಮಂತ್ರಿಮಂಡಲ ಬಿದ್ದು ಜೂನ್ ೨೯ರಂದು ರಾಷ್ಟ್ರಪತಿಯ ಆಡಳಿತ ಬಂದಿತು, ನಕ್ಸಲೀಯರ ಹಿಂಸಾಚಾರ ನಡೆದೇ ಇತ್ತು. ಕೂಲಿ ಇಳಿಯುವುದು, ಧಾನ್ಯದ ಬೆಲೆ ಏರುವುದು ಎಂಬ ಭಯ ಗಡಿಯ ಬಡವರಿಗೆ ಸಹಜವಾಗಿಯೇ ಇದ್ದಿತು. ಅವರನ್ನು ಕರುಣೆಯಿಲ್ಲದವರೆಂದು ದೂರದ ಪಟ್ಟಣದಲ್ಲಿ ಕುಳಿತು ನಿಂದಿಸುವುದು ಸುಲಭ.

ಬಂದವರಲ್ಲಿ ಬಹುಪಾಲು ಹಿಂದೂಗಳೆಂಬುದು ಸರಕಾರಕ್ಕೆ ತಿಳಿದಿದ್ದಿತು. ಆದರೆ ಅದನ್ನು ಬಹಿರಂಗವಾಗಿ ಒತ್ತಿ ಹೇಳಲಿಲ್ಲ. ಹೇಳಿದ್ದರೆ ಇಲ್ಲಿಯ ಮುಸಲ್ಮಾನರ ಮೇಲೆ ಸೇಡಿನ ಬೆಂಕಿ ಎದ್ದೀತೆಂಬ ಅಂಜಿಕೆ. ಸತ್ಯವನ್ನು ಹೀಗೆ ಮೆಲ್ಲಗೆ ನುಡಿದುದು ಸರಿಯೋ ತಪ್ಪೋ ಎಂದು ಇಂದಿಗೂ ವಾದಿಸುವವರಿದ್ದಾರೆ. ಆ ವರ್ಷ ದೇಶದಲ್ಲಿ ದೊಡ್ಡ ಕೋಮುಗಲಭೆ ಹಬ್ಬಲಿಲ್ಲವೆಂಬುದನ್ನು ನೆನೆದಾಗ ನಮಗೆ ಅದು ವಿವೇಕವೆಂದೇ ತೋರುತ್ತದೆ.

ಪರದೇಶಗಳಲ್ಲಿಯೂ ಸರಕಾರ ಒಂದು ಕಡೆ, ಜನ ಒಂದು ಕಡೆ. ಅಮೆರಿಕದ ಅಧ್ಯಕ್ಷ ನಿಕ್ಸನ್ನರಿಗೆ ಚೀನದೊಡನೆ ಸ್ನೇಹ ಬೇಕಾಗಿತ್ತು. ಆ ಗುಪ್ತ ಸಂಧಾನಕ್ಕೆ ಸೇತುವೆಯಾದುದು ಪಾಕಿಸ್ತಾನ. ಕಿಸಿಂಜರರು ಜುಲೈಯಲ್ಲಿ ಪೀಕಿಂಗಿಗೆ ಗುಟ್ಟಾಗಿ ಹಾರಿದುದು ಪಾಕಿಸ್ತಾನದಿಂದಲೇ. ಆದುದರಿಂದ ಯಾಹ್ಯಾಖಾನರ ಮೇಲೆ ಅಮೆರಿಕದ ಸರಕಾರ ಕಣ್ಣು ಕೆಂಪಗೆ ಮಾಡಲಿಲ್ಲ. ಆದರೆ ಢಾಕಾದಲ್ಲಿದ್ದ ಅದರದೇ ರಾಯಭಾರ ಕಚೇರಿಯ ಮುಖ್ಯಸ್ಥ ಆರ್ಚರ್ ಬ್ಲಡ್ ಏಪ್ರಿಲ್ ೬ರಂದು ತನ್ನ ಸರಕಾರದ ನೀತಿಯನ್ನೇ ಖಂಡಿಸಿ ಇಪ್ಪತ್ತು ಮಂದಿ ಸಹಿಮಾಡಿದ ತಂತಿಯನ್ನು ಕಳುಹಿಸಿದನು. ಅದಕ್ಕಾಗಿ ಆ ಹುದ್ದೆಯನ್ನೇ ಕಳೆದುಕೊಂಡನು. ಬಾಲ್ಟಿಮೋರ್ ಬಂದರಿನಲ್ಲಿ ಪಾಕಿಸ್ತಾನಕ್ಕೆ ಹೊರಟ ಹಡಗನ್ನು ಕೆಲವರು ಪುಟ್ಟ ದೋಣಿಗಳಲ್ಲಿ ಹೋಗಿ ಅಡ್ಡಗಟ್ಟಿದರು. ಆಗಸ್ಟ್ ೧ರಂದು ರವಿಶಂಕರರೂ ಜಾರ್ಜ್ ಹ್ಯಾರಿಸನ್ನರೂ ನ್ಯೂಯಾರ್ಕಿನಲ್ಲಿ ನಿರಾಶ್ರಿತರ ನೆರವಿಗಾಗಿ ಸಂಗೀತಸಭೆ ನಡೆಸಿದರು. ಆಗಸ್ಟ್ ೯ರಂದು ಭಾರತವು ಸೋವಿಯೆತ್ ದೇಶದೊಡನೆ ಇಪ್ಪತ್ತು ವರ್ಷಗಳ ಮೈತ್ರಿ ಒಪ್ಪಂದವನ್ನು ಮಾಡಿಕೊಂಡಿತು. ಅಲಿಪ್ತ ನೀತಿಯನ್ನು ಕೈಬಿಟ್ಟಂತಾಯಿತೆಂದು ಆಕ್ಷೇಪಿಸಿದವರೂ ಉಂಟು.

ಈಗ ಎಲ್ಲಕ್ಕಿಂತ ಕಠಿನವಾದ ಪ್ರಶ್ನೆ. ಒಂದು ದೇಶದೊಳಗಿನ ಅನ್ಯಾಯವನ್ನು ನಿಲ್ಲಿಸಲು ಇನ್ನೊಂದು ದೇಶ ಸೈನ್ಯವನ್ನು ಕಳುಹಿಸಬಹುದೆ? ವಿಶ್ವಸಂಸ್ಥೆಯ ಸನ್ನದು ದೇಶಗಳ ಆಂತರಿಕ ವ್ಯವಹಾರದಲ್ಲಿ ಕೈಹಾಕಬಾರದೆನ್ನುತ್ತದೆ, ಬಲಪ್ರಯೋಗವನ್ನು ನಿಷೇಧಿಸುತ್ತದೆ. ಇದಕ್ಕೆ ಇಂದಿರಾ ಗಾಂಧಿಯವರು ಮೇ ೨೪ರಂದು ಲೋಕಸಭೆಯಲ್ಲಿ ಕೊಟ್ಟ ಉತ್ತರದ ಸಾರವಿಷ್ಟು: ಪಾಕಿಸ್ತಾನದ ಆಂತರಿಕ ವಿಷಯವೆಂದು ಹೇಳಲಾದುದು ಈಗ ಭಾರತದ ಆಂತರಿಕ ವಿಷಯವೂ ಆಗಿದೆ. ಲಕ್ಷಾಂತರ ಜನರನ್ನು ನೆರೆಮನೆಗೆ ಅಟ್ಟಿದ ಮೇಲೆ ಅದು ಒಳಮನೆಯ ಜಗಳವಾಗಿ ಉಳಿಯಲಾರದೆಂಬ ಈ ಮಾತು ಬಲವಾದುದೇ. ಆದರೆ ಸತ್ಯದ ಇನ್ನೊಂದು ಮುಖವನ್ನು ನಾವು ಮರೆಮಾಡಬಾರದು. ಡಿಸೆಂಬರ್ ೩ರಂದು ಪಾಕಿಸ್ತಾನದ ವಿಮಾನಗಳು ನಮ್ಮ ನೆಲೆಗಳ ಮೇಲೆ ದಾಳಿಮಾಡಿದುವೆಂಬುದು ದಿಟ. ಅದಕ್ಕೆ ತಿಂಗಳುಗಳ ಮುಂಚಿನಿಂದಲೇ ಮುಕ್ತಿವಾಹಿನಿಗೆ ಭಾರತವು ಆಯುಧವನ್ನೂ ತರಬೇತಿಯನ್ನೂ ಕೊಡುತ್ತಿದ್ದಿತು, ನವೆಂಬರಿನಲ್ಲಿ ಗಡಿಯ ಕಾಳಗಗಳು ನಡೆದಿದ್ದುವು ಎಂಬುದೂ ದಿಟ. ಬದ್ಧವೈರಿಯಾದ ದೇಶ ಎರಡಾದುದರಲ್ಲಿ ನಮ್ಮ ಸ್ವಾರ್ಥವೂ ಇದ್ದಿತು.

ಡಿಸೆಂಬರ್ ೭ರಂದು ವಿಶ್ವಸಂಸ್ಥೆಯ ಮಹಾಸಭೆಯು ಯುದ್ಧವನ್ನು ನಿಲ್ಲಿಸಿ ಸೈನ್ಯಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕೆಂಬ ನಿರ್ಣಯವನ್ನು ಮತಕ್ಕೆ ಹಾಕಿತು. ಪರ ೧೦೪, ವಿರೋಧ ೧೧. ನಮ್ಮ ಸ್ನೇಹಿತರೆನಿಸಿದ, ಹೊಸದಾಗಿ ಸ್ವತಂತ್ರವಾದ ದೇಶಗಳಲ್ಲಿ ಹೆಚ್ಚಿನವು ನಮ್ಮ ಇಚ್ಛೆಗೆ ವಿರುದ್ಧವಾಗಿಯೇ ಕೈಯೆತ್ತಿದುವು. ಅವುಗಳಿಗೆ ಪೂರ್ವ ಬಂಗಾಳದ ಮೇಲೆ ದ್ವೇಷವಿದ್ದಿತೆಂದಲ್ಲ. ನೈಜೀರಿಯದಿಂದ ಬಯಾಫ್ರಾ ಸಿಡಿದು ನಡೆದ ಘೋರಯುದ್ಧ ಮುಗಿದು ಎರಡು ವರ್ಷವೂ ಆಗಿರಲಿಲ್ಲ. ಇಂದು ಢಾಕಾ ಆದರೆ ನಾಳೆ ನಮ್ಮ ಮನೆಯ ಯಾವ ಮೂಲೆಯೋ ಎಂದು ಅವು ಯೋಚಿಸಿದುವು. ಅಮೆರಿಕದ ‘ಎಂಟರ್‌ಪ್ರೈಸ್’ ಯುದ್ಧನೌಕೆ ಬಂಗಾಳ ಕೊಲ್ಲಿಯ ಕಡೆಗೆ ಹೊರಟಿತು. ಭದ್ರತಾಸಮಿತಿಯಲ್ಲಿ ಸೋವಿಯೆತ್ ದೇಶ ಮತ್ತೆ ಮತ್ತೆ ನಿಷೇಧಾಧಿಕಾರವನ್ನು ಬಳಸಿತು. ಡಿಸೆಂಬರ್ ೧೬ರಂದು ಢಾಕಾದಲ್ಲಿ ಪಾಕಿಸ್ತಾನದ ಸೈನ್ಯ ಶರಣಾಗತವಾಯಿತು.

ಇಂಥ ಹಸ್ತಕ್ಷೇಪವನ್ನು ಅಳೆಯಲು ಸನ್ನದಿನ ವಾಕ್ಯಗಳಿಗಿಂತ, ಆಮೇಲೆ ನಡೆದುದೇ ಒಳ್ಳೆಯ ಅಳತೆಗೋಲೆಂದು ನಮಗನಿಸುತ್ತದೆ. ಭಾರತದ ಸೈನ್ಯ ೧೯೭೨ರ ಮಾರ್ಚಿನಲ್ಲಿ ಬಾಂಗ್ಲಾದೇಶವನ್ನು ಬಿಟ್ಟು ಬಂದಿತು. ನಿರಾಶ್ರಿತರು ಜನವರಿಯಿಂದಲೇ ರೈಲುಗಳಲ್ಲಿ, ಲಾರಿಗಳಲ್ಲಿ, ಕಾಲ್ನಡೆಯಲ್ಲಿ ಮರಳತೊಡಗಿದರು. ಫೆಬ್ರವರಿಯ ಕೊನೆಗೆ ೯೦ ಲಕ್ಷಕ್ಕೂ ಹೆಚ್ಚು ಮಂದಿ ಹಿಂದಿರುಗಿದ್ದರು. ಮಾರ್ಚ್ ೨೫ರ ವೇಳೆಗೆ ಉಳಿದವರು ಸುಮಾರು ೬೦ ಸಾವಿರ ಮಾತ್ರವೆಂದು ನಮ್ಮ ಸರಕಾರ ಅಂದಾಜು ಮಾಡಿತು. ವೆಚ್ಚದ ಒಂದು ಪಾಲನ್ನು ಜನಸಾಮಾನ್ಯರೇ ಹೊತ್ತರು. ೧೯೭೧ರ ನವೆಂಬರ್ ೧೫ರಿಂದ ೧೯೭೩ರ ಮಾರ್ಚ್ ೩೧ರ ತನಕ ಅಂಚೆಯ ಪತ್ರಗಳಿಗೆ ಐದು ಪೈಸೆಯ ‘ನಿರಾಶ್ರಿತ ಪರಿಹಾರ’ ಚೀಟಿಯನ್ನು ಹೆಚ್ಚಾಗಿ ಅಂಟಿಸಬೇಕಾಗಿತ್ತು. ಮೊದಲಿಗೆ ಕುಟುಂಬಯೋಜನೆಯ ಅಂಚೆಚೀಟಿಯ ಮೇಲೆಯೇ ಆ ಮಾತುಗಳನ್ನು ಅಚ್ಚೊತ್ತಿ ಮಾರಿದರು. ಮುಂಬಯಿಯಿಂದ ಊರಿಗೆ ಹೋದ ಅಂದಿನ ಲಕೋಟೆಗಳು ಯಾರ ಮನೆಯ ಟ್ರಂಕಿನಲ್ಲಾದರೂ ಇದ್ದರೆ ವಿದ್ಯಾರ್ಥಿಗಳು ತೆಗೆದು ನೋಡಬಹುದು.

ಎಲ್ಲರ ಕಥೆಯೂ ಅಲ್ಲಿಗೆ ಮುಗಿಯಲಿಲ್ಲ. ಪೂರ್ವ ಬಂಗಾಳದಿಂದ ಬೇರೆ ಬೇರೆ ವರ್ಷಗಳಲ್ಲಿ ಬಂದು ಇಲ್ಲಿಯೇ ನಿಂತವರಲ್ಲಿ ಕೆಲವು ಕುಟುಂಬಗಳು ರಾಯಚೂರು ಜಿಲ್ಲೆಯ ಸಿಂಧನೂರು ತಾಲೂಕಿನಲ್ಲಿ ನೆಲೆಗೊಂಡಿವೆ. ಅವರ ವಸತಿಗಳಿಗೆ ಇಂದಿಗೂ ‘ಕ್ಯಾಂಪ್’ ಎಂದೇ ಹೆಸರು. ೧೯೮೫ರ ಅಸ್ಸಾಂ ಒಪ್ಪಂದವು ಪರಕೀಯರನ್ನು ಗುರುತಿಸಲು ೧೯೭೧ರ ಮಾರ್ಚ್ ೨೫ನ್ನೇ ಗೆರೆಯಾಗಿಟ್ಟಿತು. ೨೦೨೪ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಗೆರೆಯನ್ನು ಎತ್ತಿಹಿಡಿಯಿತು. ಢಾಕಾದಲ್ಲಿಯೇ ಉಳಿದ ಉರ್ದು ಭಾಷಿಕರು, ಪಾಕಿಸ್ತಾನದ ಪಕ್ಷದವರೆಂಬ ಹೆಸರು ಹೊತ್ತು, ತಮ್ಮೂರಿನಲ್ಲಿಯೇ ಶಿಬಿರವಾಸಿಗಳಾದರು. ಅಲ್ಲಿಯ ಉಚ್ಚ ನ್ಯಾಯಾಲಯವು ಅವರ ಪೌರತ್ವವನ್ನು ಎತ್ತಿಹಿಡಿದುದು ೨೦೦೮ರಲ್ಲಿ. ಇನ್ನು ೨೦೧೭ರ ಆಗಸ್ಟಿನಿಂದಾಚೆಗೆ ಮ್ಯಾನ್ಮಾರ್‌ನ ಸೈನ್ಯದ ದಾಳಿಗೆ ಹೆದರಿ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಜನ ನಾಫ್ ನದಿಯನ್ನು ದಾಟಿ ಬಂದಾಗ ಅವರಿಗೆ ಕಾಕ್ಸ್ ಬಜಾರಿನ ಗುಡ್ಡಗಳ ಮೇಲೆ ಬಿದಿರಿನ ಗುಡಿಸಲುಗಳಿಗೆ ಜಾಗ ಕೊಟ್ಟುದು, ಆ ಬಾಂಗ್ಲಾದೇಶವೇ.