ಸರಕು ಸಾಗಣೆ: ಹೊರಗಿನ ನೆರವು ಯಾವಾಗ ಅಗತ್ಯ?

ಉಡುಪು ಎಷ್ಟೇ ಅಂದವಾಗಿದ್ದರೂ ಹಬ್ಬ ಕಳೆದ ಮೇಲೆ ಅಂಗಡಿಯನ್ನು ತಲುಪಿದರೆ ಅದಕ್ಕೆ ತಕ್ಕ ಬೆಲೆ ದೊರೆಯದು. ಆದುದರಿಂದ ಸರಕನ್ನು ಸಕಾಲದಲ್ಲಿ ತಲುಪಿಸುವುದೂ ಉತ್ಪಾದನೆಯಷ್ಟೇ ಮುಖ್ಯವಾದ ಕಾರ್ಯವಾಗಿದೆ.

ಕೋಲ್ಕತ್ತಾದ ಗಾರ್ಡನ್ ರೀಚ್ ಪ್ರದೇಶದ ಮಟಿಯಾಬುರ್ಜ್ ಇದಕ್ಕೆ ಉತ್ತಮ ನಿದರ್ಶನ. 1856ರಲ್ಲಿ ರಾಜ್ಯವನ್ನು ಕಳೆದುಕೊಂಡ ಅವಧದ ನವಾಬ ವಾಜಿದ್ ಅಲಿ ಷಾ ಇಲ್ಲಿ ನೆಲೆಸಿದನು. ಇಂದು ಇದು ಸಿದ್ಧ ಉಡುಪುಗಳ ದೊಡ್ಡ ಕೇಂದ್ರ. ‘ಓಸ್ತಾಗರ್’ ಎಂದು ಕರೆಯಲ್ಪಡುವ ಇಲ್ಲಿನ ಸಣ್ಣ ಉದ್ಯಮಿಯು ಬಟ್ಟೆ ಕೊಂಡು, ದರ್ಜಿಗಳಿಂದ ಹೊಲಿಸಿ, ಸಿದ್ಧ ಮಾಲನ್ನು ವಾರದ ಸಂತೆಯಲ್ಲಿ ಸಗಟಾಗಿ ಮಾರುತ್ತಾನೆ. ಖರೀದಿದಾರನೇ ಸಂತೆಗೆ ಬಂದು ಮಾಲು ಒಯ್ಯುವವರೆಗೆ ಸಾಗಣೆಯ ಚಿಂತೆ ಕಡಿಮೆ. ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಬೇಡಿಕೆ ಬಂದು, ಮಾಲನ್ನು ತಾನೇ ಕಳುಹಿಸಬೇಕಾದಾಗ ತೊಡಕು ಆರಂಭವಾಗುತ್ತದೆ.

ಈ ಕೆಳಕಂಡ ಲಕ್ಷಣಗಳು ಕಂಡುಬಂದಲ್ಲಿ ಹೊರಗಿನ ಸಾಗಣೆ ಸಂಸ್ಥೆಯ ನೆರವು ಪಡೆಯುವುದು ಸೂಕ್ತ:

1. ಮಾಲೀಕನು ಕತ್ತರಿ ಮೇಜನ್ನು ಬಿಟ್ಟು ವಾರದಲ್ಲಿ ಒಂದೆರಡು ದಿನ ಲಾರಿ ಕಚೇರಿಗಳಲ್ಲಿಯೇ ಕಳೆಯುವುದು.
2. ಹಬ್ಬದ ಕಾಲದಲ್ಲಿ ಸ್ವಂತ ವಾಹನ ಸಾಲದೆ, ಉಳಿದ ತಿಂಗಳುಗಳಲ್ಲಿ ಅದು ಬರಿದೆ ನಿಲ್ಲುವುದು.
3. ತಡವಾದ ಅಥವಾ ದಾರಿಯಲ್ಲಿ ಕೆಟ್ಟ ಸರಕಿನ ಬಗ್ಗೆ ದೂರುಗಳು ಮರುಕಳಿಸುವುದು.
4. ಸಾಗಣೆಯ ಕಾರಣಕ್ಕಾಗಿಯೇ ಹೊಸ ಊರಿನ ಬೇಡಿಕೆಯನ್ನು ನಿರಾಕರಿಸಬೇಕಾಗುವುದು.

ಆದರೆ ದೂರು ತಪ್ಪು ಅಳತೆಯ ಅಥವಾ ಸಡಿಲ ಕಟ್ಟಿನ ಬಗ್ಗೆ ಇದ್ದರೆ, ಸಾಗಣೆಯನ್ನು ಯಾರಿಗೆ ಒಪ್ಪಿಸಿದರೂ ದೋಷ ನೀಗದು. ಅದನ್ನು ಮೊದಲು ಮನೆಯಲ್ಲಿಯೇ ಸರಿಪಡಿಸಿಕೊಳ್ಳಬೇಕು. ಅನಂತರ ಮೂರು ತಿಂಗಳ ಇಂಧನ, ಕೂಲಿ, ದುರಸ್ತಿ, ನಷ್ಟಗಳ ಜೊತೆಗೆ ತನ್ನ ಸಮಯದ ಬೆಲೆಯನ್ನೂ ಲೆಕ್ಕಕ್ಕೆ ಹಿಡಿದು, ಆ ಮೊತ್ತವನ್ನು ಸಂಸ್ಥೆಯ ದರದೊಂದಿಗೆ ಹೋಲಿಸತಕ್ಕದ್ದು. ಬೇಡಿಕೆ ಅಲ್ಪವಾಗಿದ್ದಲ್ಲಿ ನೆರೆಯ ನಾಲ್ಕಾರು ಉದ್ಯಮಿಗಳು ಕೂಡಿ ಒಂದೇ ಲಾರಿಯನ್ನು ಗೊತ್ತುಮಾಡಿಕೊಳ್ಳಬಹುದು.

ಸರಕನ್ನು ಒಪ್ಪಿಸಿದೊಡನೆ ಹೊಣೆಯೆಲ್ಲ ಕಳೆಯಿತೆಂದು ಭಾವಿಸಬಾರದು. 2007ರ ರಸ್ತೆ ಸಾಗಣೆ ಅಧಿನಿಯಮದಂತೆ ಸಾಗಣೆದಾರನು ನೋಂದಣಿ ಹೊಂದಿರತಕ್ಕದ್ದು. ಹೆಚ್ಚಿನ ಅಪಾಯದ ದರವನ್ನು ಒಪ್ಪಿಕೊಳ್ಳದಿದ್ದಲ್ಲಿ, ನಷ್ಟಕ್ಕೆ ಆತನ ಹೊಣೆ ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ಉದಾಹರಣೆಗೆ, 1,00,000 ರೂಪಾಯಿಯ ಉಡುಪಿಗೆ 3,000 ರೂಪಾಯಿ ಬಾಡಿಗೆಯಾದರೆ, ಸರಕು ಪೂರ್ಣ ನಾಶವಾದಾಗ ದೊರೆಯುವುದು 30,000 ರೂಪಾಯಿ ಮಾತ್ರ. ಉಳಿದ 70,000 ರೂಪಾಯಿ ಒಂದು ಸಣ್ಣ ಘಟಕವನ್ನು ಮುಚ್ಚಿಸಲು ಸಾಕು. ಆದುದರಿಂದ ವಿಮೆಯನ್ನು ಮರೆಯಲಾಗದು. ದಾವೆ ಹೂಡಬೇಕಾದರೆ, ಸರಕನ್ನು ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟೀಸು ನೀಡಿರಬೇಕು. ಇದಕ್ಕೆ ಲಾರಿ ರಸೀದಿಯೇ ಆಧಾರ. 50,000 ರೂಪಾಯಿ ಮೀರಿದ ಸರಕನ್ನು ಹೊರರಾಜ್ಯಕ್ಕೆ ಕಳುಹಿಸಲು 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ಲು ಸಾಮಾನ್ಯವಾಗಿ ಕಡ್ಡಾಯವಾಗಿದೆ.

ಸಾಗಣೆಯ ಶ್ರಮವನ್ನು ಪರರಿಗೆ ವಹಿಸಬಹುದು. ಆದರೆ ಲೆಕ್ಕ, ದಾಖಲೆ ಮತ್ತು ಗಿರಾಕಿಗೆ ಕೊಟ್ಟ ಮಾತು ಉದ್ಯಮಿಯ ಕೈಯಲ್ಲಿಯೇ ಇರತಕ್ಕದ್ದು.