ಎಲ್ಯೂಸಿಸಿನ ಧಾನ್ಯದೇವತೆ

ಪ್ರಾಚೀನ ಗ್ರೀಕರು ಪೈರುಪಚ್ಚೆಗಳ ಅಧಿದೇವತೆಯೆಂದು ಡಿಮೀಟರ್ ದೇವಿಯನ್ನು ಪೂಜಿಸುತ್ತಿದ್ದರು. ಪಾತಾಳದ ಒಡೆಯನು ಅವಳ ಮಗಳಾದ ಪರ್ಸಿಫೊನಿಯನ್ನು ಅಪಹರಿಸಿದಾಗ, ಶೋಕತಪ್ತಳಾದ ತಾಯಿಯು ಭೂಮಿಯಲ್ಲಿ ಬೀಜ ಮೊಳೆಯದಂತೆ ಮಾಡಿದಳೆಂದೂ, ಮಗಳು ಪ್ರತಿವರ್ಷ ಕೆಲವು ತಿಂಗಳು ಮರಳಿ ಬರುವಂತಾದ ಮೇಲೆ ಹೊಲಗಳು ಹಸುರಾದುವೆಂದೂ ಅವರ ಪುರಾಣವು ಹೇಳುತ್ತದೆ. ಮಣ್ಣಿನಲ್ಲಿ ಮರೆಯಾದ ಕಾಳು ಮತ್ತೆ ತಲೆಯೆತ್ತುವುದನ್ನು ಕಂಡ ಒಕ್ಕಲಿಗನ ವಿಸ್ಮಯವೇ ಈ ಕಥೆಯ ಮೂಲವೆಂದು ನಾವು ಊಹಿಸಬಹುದು.

ಅಥೆನ್ಸ್ ನಗರದಿಂದ ಸುಮಾರು 20 ಕಿಲೋಮೀಟರು ದೂರದ ಎಲ್ಯೂಸಿಸ್ ಎಂಬ ಊರಿನಲ್ಲಿ ಈ ದೇವಿಯ ರಹಸ್ಯೋತ್ಸವವು ನಡೆಯುತ್ತಿತ್ತು. ಗ್ರೀಕ್ ಭಾಷೆಯನ್ನು ಬಲ್ಲ, ಕೊಲೆಯ ಪಾತಕವನ್ನು ಅಂಟಿಸಿಕೊಳ್ಳದ ಯಾರೇ ಆಗಲಿ ಅಲ್ಲಿ ದೀಕ್ಷೆ ಪಡೆಯಬಹುದಾಗಿತ್ತು. ಸ್ತ್ರೀಯರಿಗೂ ದಾಸರಿಗೂ ತಡೆಯಿರಲಿಲ್ಲ. ರೋಮಿನ ಚಕ್ರವರ್ತಿ ಮಾರ್ಕಸ್ ಆರೇಲಿಯಸನೂ ಅಲ್ಲಿ ದೀಕ್ಷಿತನಾದನು.

ಇಷ್ಟರಲ್ಲಿ ಕ್ರೈಸ್ತ ಧರ್ಮವು ಹಬ್ಬತೊಡಗಿತ್ತು. ಕ್ರಿ. ಶ. 200ರ ಸುಮಾರಿಗೆ ಅಲೆಗ್ಸಾಂಡ್ರಿಯದ ಕ್ಲೆಮೆಂಟನು ಈ ರಹಸ್ಯಗಳನ್ನು ಕಟುವಾಗಿ ಖಂಡಿಸಿ ಬರೆದನು. 364ರಲ್ಲಿ ಚಕ್ರವರ್ತಿ ವ್ಯಾಲೆಂಟಿನಿಯನನು ರಾತ್ರಿಪೂಜೆಗಳನ್ನು ನಿಷೇಧಿಸಿದಾಗ, ಇವಿಲ್ಲದೆ ಗ್ರೀಕರಿಗೆ ಬಾಳೇ ದುಸ್ಸಹವಾಗುವುದೆಂದು ಗ್ರೀಸಿನ ಅಧಿಪತಿ ಪ್ರೀಟೆಕ್ಸ್‌ಟಾಟಸನು ಬಿನ್ನವಿಸಿಕೊಂಡು ವಿನಾಯಿತಿ ಪಡೆದನು. ಆ ರಕ್ಷಣೆ ಬಹುಕಾಲ ಉಳಿಯಲಿಲ್ಲ. 392ರಲ್ಲಿ ಥಿಯೊಡೋಸಿಯಸನ ಶಾಸನವು ಹಳೆಯ ದೇವತೆಗಳ ಪೂಜೆಯನ್ನೆಲ್ಲ ನಿಲ್ಲಿಸಿತು. 396ರಲ್ಲಿ ಅಲಾರಿಕನ ಗಾಥ್ ಸೇನೆಯು ಗ್ರೀಸನ್ನು ಸೂರೆಗೊಂಡಿತು. ದೇಗುಲವು ಹಾಳುಬಿದ್ದಿತು.

ಪೂಜೆಯೂ ಅಲ್ಲಿಗೆ ಮುಗಿಯಿತೆ? 1801ರಲ್ಲಿ ಕ್ಲಾರ್ಕ್ ಎಂಬ ಇಂಗ್ಲಿಷ್ ವಿದ್ವಾಂಸನು ಎಲ್ಯೂಸಿಸಿಗೆ ಬಂದಾಗ, ಭಗ್ನವಾದ ಶಿಲಾಮೂರ್ತಿಯೊಂದು ಗೊಬ್ಬರದ ರಾಶಿಯಲ್ಲಿ ಕುತ್ತಿಗೆಯವರೆಗೆ ಹೂತಿದ್ದಿತು. ಇದು ತಿರಸ್ಕಾರವಲ್ಲ. ಊರಿನ ರೈತರು ಕ್ರೈಸ್ತರೇ ಆಗಿದ್ದರೂ, ತಮ್ಮ ಬೆಳೆಯು ಅವಳ ಕೃಪೆಯೆಂದು ನಂಬಿ, ಅವಳ ಮುಂದೆ ದೀಪ ಹಚ್ಚುತ್ತಿದ್ದರು. ಜನರ ಬಾಯಲ್ಲಿ ಅವಳು 'ಸಂತ ಡಿಮೀಟ್ರ'ಳಾಗಿದ್ದಳು. ಚರ್ಚಿನ ಸಂತರ ಪಟ್ಟಿಯಲ್ಲಿ ಆ ಹೆಸರಿಲ್ಲ. ಕ್ಲಾರ್ಕನು ತುರ್ಕಿ ಅಧಿಕಾರಿಯ ಅಪ್ಪಣೆ ಪಡೆದು, ಬೆಳೆ ಕೆಟ್ಟೀತೆಂಬ ರೈತರ ಅಳುಕನ್ನು ಲೆಕ್ಕಿಸದೆ ಮೂರ್ತಿಯನ್ನು ಸಾಗಿಸಿದನು. ಅದು ಇಂದು ಕೇಂಬ್ರಿಡ್ಜಿನ ಫಿಟ್ಸ್‌ವಿಲಿಯಂ ವಸ್ತುಸಂಗ್ರಹಾಲಯದಲ್ಲಿದೆ.

ಅದು ದೇವಿಯ ಮೂರ್ತಿಯಲ್ಲ, ದೇಗುಲದ್ವಾರದಲ್ಲಿ ಪವಿತ್ರ ಪೆಟ್ಟಿಗೆಯನ್ನು ಹೊತ್ತು ನಿಂತ ಕನ್ಯೆಯ ಶಿಲ್ಪವೆಂದು ಪಂಡಿತರು ನಿರ್ಣಯಿಸಿದ್ದಾರೆ. ರೈತರು ಶಿಲ್ಪವನ್ನು ಗುರುತಿಸುವಲ್ಲಿ ತಪ್ಪಿದ್ದರು, ನಿಜ. ಆದರೆ ಅನ್ನ ಕೊಡುವ ನೆಲಕ್ಕೆ ಋಣಿಗಳಾಗಿರಬೇಕೆಂಬುದರಲ್ಲಿ ಅವರು ತಪ್ಪಿರಲಿಲ್ಲ. ರಾಜಶಾಸನಗಳನ್ನು ಮಾತ್ರ ಓದಿ ಒಂದು ಧರ್ಮದ ಅಂತ್ಯವನ್ನು ಬರೆಯಹೊರಟರೆ ಇಂತಹ ಸಂಗತಿಗಳು ನಮ್ಮ ಕಣ್ಣಿಗೆ ಬೀಳವು. ವಿದ್ಯಾರ್ಥಿಗಳು ಚರಿತ್ರೆಯನ್ನು ಓದುವಾಗ ಅರಮನೆಯೊಡನೆ ಹೊಲವನ್ನೂ ನೋಡಬೇಕು.