ಮಳೆಗಾಲದಲ್ಲಿ ಏರ್‌ಬ್ರಷ್‌ನ ಆರೈಕೆ

ಏರ್‌ಬ್ರಷ್‌ನಲ್ಲಿ ಬಣ್ಣ ಹೊರಬೀಳುವ ನಾಝಲ್‌ನ ರಂಧ್ರ 0.2ರಿಂದ 0.5 ಮಿಲಿಮೀಟರ್ ಅಗಲ. ಹವ್ಯಾಸಿಗಳ ಕೈಯಲ್ಲಿ ಹೆಚ್ಚಾಗಿ ಕಾಣುವುದು 0.3ರದು. ಆ ರಂಧ್ರವನ್ನು ಒಳಗಿನಿಂದ ಒಂದು ನೀಳ ಸೂಜಿ ಮುಚ್ಚಿರುತ್ತದೆ. ಟ್ರಿಗರ್ ಕೆಳಕ್ಕೆ ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಸೂಜಿ ಸರಿದು ಬಣ್ಣ. ಈ ಬಗೆಗೆ ಡಬಲ್ ಆಕ್ಷನ್ ಎಂದು ಹೆಸರು. ಮೇಲಿನ ಪುಟ್ಟ ಬಟ್ಟಲಿನಿಂದ ಬಣ್ಣ ತನ್ನ ಭಾರಕ್ಕೆ ತಾನೇ ಇಳಿಯುವಂತಿದ್ದರೆ ಅದು ಗ್ರಾವಿಟಿ ಫೀಡ್. 1870ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿದ ಈ ಉಪಕರಣಕ್ಕೆ ಬಣ್ಣ ಮತ್ತು ಗಾಳಿ ಒಳಗೇ ಬೆರೆಯುವ ಇಂದಿನ ರೂಪ ಬಂದದ್ದು 1890ರ ದಶಕದಲ್ಲಿ, ಚಾರ್ಲ್ಸ್ ಬರ್ಡಿಕ್‌ನಿಂದ.

ಮುಂಬಯಿಯಲ್ಲಿ ಇದರ ಕೆಲಸ ಕಾಣಬೇಕಾದರೆ ಆಷಾಢ–ಶ್ರಾವಣದಲ್ಲಿ ಲಾಲ್‌ಬಾಗ್, ಪರೇಲ್‌ನ ಗಣಪತಿ ಕಾರ್ಖಾನೆಗಳ ಕಡೆ ಹೋಗಬೇಕು. ಮೈಬಣ್ಣದ ನೆರಳು, ಕೆನ್ನೆಯ ತೆಳುಗೆಂಪು, ಪೀತಾಂಬರದ ಮಡಿಕೆಗಳ ಆಳ ಇವೆಲ್ಲ ಏರ್‌ಬ್ರಷ್‌ನಿಂದ ಬರುತ್ತವೆ. ಕಣ್ಣು ಬರೆಯುವುದು ಮಾತ್ರ ಕುಂಚದ ಕೆಲಸ. ಅದನ್ನು ನೋಡಿ ಮನೆಯಲ್ಲೇ ಶಾಡು ಮಣ್ಣಿನ ಮೂರ್ತಿಗೆ ಬಣ್ಣ ಹಚ್ಚುವವರು, ವಿಮಾನ, ರೈಲು, ಹಡಗುಗಳ ಮಾದರಿ ಕಟ್ಟುವ ಹುಡುಗರು ಚಿಕ್ಕ ಕಂಪ್ರೆಸರ್ ಸಮೇತ ಏರ್‌ಬ್ರಷ್ ಕೊಳ್ಳುತ್ತಾರೆ. ವಿಸರ್ಜನೆಯ ಹೊತ್ತಿಗೆ ಅದು ಬಣ್ಣ ಉಗುಳತೊಡಗುತ್ತದೆ, ದೀಪಾವಳಿಗೆ ಕಪಾಟು ಸೇರುತ್ತದೆ. ದೋಷ ಉಪಕರಣದ ಮೇಲೆ ಬೀಳುತ್ತದೆ. ರಿಪೇರಿಗೆ ಬರುವ ಏರ್‌ಬ್ರಷ್‌ಗಳನ್ನು ಬಿಚ್ಚಿ ನೋಡಿದರೆ ಬೇರೆಯೇ ಕಥೆ: ಬಳಕೆಯಿಂದ ಸವೆದವು ಕಡಿಮೆ, ತೊಳೆಯಲು ಹೋಗಿ ಕೆಡಿಸಿದವು ಹೆಚ್ಚು.

ಮೊದಲು ಬಣ್ಣದ ಗುಣ ತಿಳಿದಿರಬೇಕು. ಪೋಸ್ಟರ್ ಕಲರ್ ಅಂಟಿನಲ್ಲಿ ಕಲಸಿದ್ದು. ಒಣಗಿದರೂ ನೀರು ತಾಗಿದರೆ ಬಿಟ್ಟುಕೊಳ್ಳುತ್ತದೆ. ಅಕ್ರಿಲಿಕ್ ಹಾಗಲ್ಲ. ನೀರಿನಲ್ಲಿ ತೇಲುವ ಅದರ ಪ್ಲಾಸ್ಟಿಕ್ ಕಣಗಳು ನೀರು ಆರಿದ ಕೂಡಲೇ ಒಂದಕ್ಕೊಂದು ಬೆಸೆದು ಪೊರೆಯಾಗುತ್ತವೆ. ಆ ಪೊರೆ ಮತ್ತೆ ನೀರಿಗೆ ಕರಗದು. ಆದ್ದರಿಂದ ಅಕ್ರಿಲಿಕ್ ಬಳಸುವವರಿಗೆ ಶುಚಿ ಮಾಡುವ ಹೊತ್ತು ಎಂದರೆ ಬಣ್ಣ ಹಸಿ ಇರುವ ಹೊತ್ತು. ಫೋನ್ ಬಂತೆಂದು ಎದ್ದು ಹೋಗಿ ಹತ್ತು ನಿಮಿಷ ಬಿಟ್ಟು ಬಂದರೆ ನಾಝಲ್‌ನೊಳಗೆ ಪೊರೆ ಕೂತಿರುತ್ತದೆ. ಮುತ್ತಿನ ಹೊಳಪಿನ ಮತ್ತು ಚಿನ್ನದ ಬಣ್ಣಗಳಲ್ಲಿ ಅಭ್ರಕದ ಹಾಗೂ ಲೋಹದ ಚೂರುಗಳಿರುವುದರಿಂದ ಅವನ್ನು 0.2ರ ನಾಝಲ್‌ಗೆ ಹಾಕಲೇಬಾರದು. ಯಾವ ಬಣ್ಣವನ್ನಾದರೂ ಹಳೆಯ ನೈಲಾನ್ ಕಾಲುಚೀಲದ ತುಂಡಿನಲ್ಲಿ ಸೋಸಿ ಬಟ್ಟಲಿಗೆ ಹಾಕಿದರೆ ಅರ್ಧ ತೊಂದರೆ ಅಲ್ಲೇ ತಪ್ಪುತ್ತದೆ.

ಒಂದು ಬಣ್ಣ ಮುಗಿದು ಇನ್ನೊಂದಕ್ಕೆ ಹೋಗುವಾಗ ಬಿಚ್ಚುವ ಅಗತ್ಯವಿಲ್ಲ. ಉಳಿದ ಬಣ್ಣವನ್ನು ಚೆಲ್ಲಿ, ಬಟ್ಟಲಿನ ಒಳಗೋಡೆಯನ್ನು ಟಿಶ್ಯೂನಿಂದ ಒರೆಸಬೇಕು. ಕೆಲವು ಹನಿ ನೀರು ಹಾಕಿ ಮೆತ್ತನೆಯ ಹಳೆಯ ಕುಂಚದಿಂದ ತಳದ ತನಕ ತಿಕ್ಕಿ ಆ ನೀರನ್ನೂ ಚೆಲ್ಲಬೇಕು. ಮತ್ತೆ ನೀರು ಹಾಕಿ ಬಟ್ಟೆ ತುರುಕಿದ ಡಬ್ಬಿಯೊಳಕ್ಕೆ ಸಿಂಪಡಿಸಬೇಕು. ಕೋಣೆಯ ಗಾಳಿಗೆ ಸಿಂಪಡಿಸಿದರೆ ಆ ಮಂಜು ಶ್ವಾಸಕೋಶಕ್ಕೆ ಹೋಗುತ್ತದೆ. ಬಳಿಕ ಮೂತಿಗೆ ಟಿಶ್ಯೂ ಒತ್ತಿ ಹಿಡಿದು ಟ್ರಿಗರ್ ಮೆಲ್ಲಗೆ ಎಳೆದರೆ ಗಾಳಿ ಹಿಂದಕ್ಕೆ ನುಗ್ಗಿ ಬಟ್ಟಲಿನಲ್ಲಿ ಗುಳ್ಳೆ ಏಳುತ್ತದೆ, ನಾಝಲ್‌ನೊಳಗೆ ಅಡಗಿದ ಬಣ್ಣ ಮೇಲೆ ಬರುತ್ತದೆ. ಇದನ್ನು ನೀರು ತುಂಬಿದಾಗ ಮಾತ್ರ, ಕಡಿಮೆ ಒತ್ತಡದಲ್ಲಿ ಮಾಡಬೇಕು. ಬಟ್ಟಲಲ್ಲಿ ಬಣ್ಣವಿರುವಾಗ ಮಾಡಿದರೆ ಆ ಬಣ್ಣ ಹಿಂಬದಿಯ ಪ್ಯಾಕಿಂಗ್ ವಾಷರ್‌ಗೆ ನುಗ್ಗಿ ಟ್ರಿಗರ್ ಜಿಗುಟಾಗುತ್ತದೆ. ಸಿಂಪಡಿಸಿದ ನೀರು ಬಿಳಿ ಟಿಶ್ಯೂ ಮೇಲೆ ಕಲೆ ಬಿಡದಿದ್ದರೆ ಸಾಕು. ಎಲ್ಲ ಸೇರಿ ಒಂದೆರಡು ನಿಮಿಷದ ಕೆಲಸ.

ದಿನದ ಕೆಲಸ ಮುಗಿದ ಮೇಲೆ ಇದಿಷ್ಟೂ ಮಾಡಿ, ಅನಂತರ ಬಿಚ್ಚಬೇಕು. ಬಿಚ್ಚುವುದಕ್ಕೊಂದು ಕ್ರಮವಿದೆ, ಅದನ್ನು ಮೀರಬಾರದು: ಮೊದಲು ಹಿಂದಿನ ಹಿಡಿ, ಆಮೇಲೆ ಸೂಜಿಯ ಬಿಗಿ ನಟ್, ಆಮೇಲೆ ಸೂಜಿ, ಕೊನೆಗೆ ಮೂತಿಯ ಕ್ಯಾಪ್ ಮತ್ತು ನಾಝಲ್. ಸೂಜಿ ಒಳಗಿರುವಾಗಲೇ ನಾಝಲ್ ತಿರುಗಿಸಿದರೆ ಸೂಜಿಯ ಮೊನೆ ಬಾಗುತ್ತದೆ. ಕೂದಲೆಳೆಯಷ್ಟು ಬಾಗಿದರೂ ಬಣ್ಣ ಒಂದು ಬದಿಗೆ ಹಾರುತ್ತದೆ. ಅಕ್ಕಿಕಾಳಿನಷ್ಟಿರುವ ನಾಝಲ್ ಸಿಂಕ್‌ನ ಜಾಲರಿಯಲ್ಲಿ ಜಾರಿತೆಂದರೆ ಮತ್ತೆ ಸಿಗುವ ಮಾತಿಲ್ಲ. ಅಡುಗೆಮನೆಯ ಸಿಂಕ್ ಬಿಟ್ಟು, ಅಂಚಿರುವ ಸ್ಟೀಲ್ ತಟ್ಟೆಯಲ್ಲಿ ಬಿಳಿ ಬಟ್ಟೆ ಹಾಸಿ ಅದರ ಮೇಲೆ ಬಿಚ್ಚಬೇಕು.

ಬಿಚ್ಚಿದ ಮೇಲೆ ಏನು ಮಾಡುತ್ತಾರೆಂಬಲ್ಲಿ ಅತಿ ದೊಡ್ಡ ತಪ್ಪಿದೆ. ಏರ್‌ಬ್ರಷ್ ಅನ್ನು ಇಡಿಯಾಗಿ, ಕೆಲವೊಮ್ಮೆ ಬಿಚ್ಚದೆಯೇ, ಥಿನ್ನರ್ ತುಂಬಿದ ಲೋಟದಲ್ಲಿ ರಾತ್ರಿಯಿಡೀ ಮುಳುಗಿಸಿಡುತ್ತಾರೆ. ಉಜ್ಜುವ ಶ್ರಮವಿಲ್ಲದೆ ಬೆಳಗಾಗುವಷ್ಟರಲ್ಲಿ ಫಳಫಳ ಆಗುತ್ತದೆಂಬ ನಂಬಿಕೆ. ಆಗುವುದು ಬೇರೆ. ಒಳಗಿನ ರಬ್ಬರ್ ವಾಷರ್‌ಗಳು ಲ್ಯಾಕರ್ ಥಿನ್ನರ್ ಕುಡಿದು ಉಬ್ಬುತ್ತವೆ, ಒಣಗಿದಾಗ ಸುಕ್ಕುಗಟ್ಟುತ್ತವೆ. ಕರಗಿದ ಬಣ್ಣ ಬಣ್ಣವೇ ಇರಬಾರದ ಜಾಗಗಳಿಗೆ, ಟ್ರಿಗರ್‌ನ ಕೆಳಗಿನ ಗಾಳಿ ವಾಲ್ವ್‌ಗೆ ಹರಿಯುತ್ತದೆ. ಥಿನ್ನರ್ ಆರಿದಾಗ ಅಲ್ಲೇ ಗಟ್ಟಿಯಾಗುತ್ತದೆ. ಜಾರುವಿಕೆಗೆಂದು ಹಚ್ಚಿದ ಲೂಬ್ರಿಕೆಂಟ್ ತೊಳೆದು ಹೋಗುತ್ತದೆ. ಬೆಳಗ್ಗೆ ನೋಡಿದರೆ ಹೊರಮೈ ಹೊಸದರಂತೆ ಮಿನುಗುತ್ತಿರುತ್ತದೆ, ಟ್ರಿಗರ್ ಮಾತ್ರ ಒತ್ತಿದಲ್ಲೇ ನಿಲ್ಲುತ್ತದೆ.

ಇನ್ನು ಕೆಲವರು ನೆನೆಸಲು ಗಾಜು ಒರೆಸುವ ದ್ರವ ಬಳಸುತ್ತಾರೆ. ಅಂಥ ಕೆಲವು ದ್ರವಗಳಲ್ಲಿ ಅಮೋನಿಯಾ ಇರುತ್ತದೆ. ಅಮೋನಿಯಾ ಒಣಗಿದ ಅಕ್ರಿಲಿಕ್ ಅನ್ನು ಸಡಿಲಿಸುತ್ತದೆ, ನಿಜ. ಆದರೆ ಬಹುಪಾಲು ಏರ್‌ಬ್ರಷ್‌ಗಳ ಒಡಲು ಹಿತ್ತಾಳೆ. ಮೇಲೆ ಕಾಣುವುದು ಕ್ರೋಮಿಯಂ ಲೇಪ. ಹಿತ್ತಾಳೆಗೂ ಅಮೋನಿಯಾಕ್ಕೂ ಇರುವ ವೈರ ಪತ್ತೆಯಾದದ್ದರ ಹಿಂದೆ ಭಾರತದ ಮಳೆಗಾಲವೇ ಇದೆ. ಬ್ರಿಟಿಷ್ ಸೇನೆ ಇಲ್ಲಿ ದಾಸ್ತಾನಿಟ್ಟಿದ್ದ ಹಿತ್ತಾಳೆಯ ತೋಟಾಗಳು ಮಳೆಯ ತಿಂಗಳುಗಳಲ್ಲಿ ಯಾರೂ ಮುಟ್ಟದೆಯೇ ಸೀಳು ಬಿಡುತ್ತಿದ್ದವು. ಅವನ್ನು ಇಟ್ಟಿದ್ದುದು ಕುದುರೆ ಲಾಯಗಳಲ್ಲಿ. ಗಂಜಲದಿಂದೇಳುವ ಅಮೋನಿಯಾ, ಹವೆಯ ತೇವ, ತಯಾರಿಕೆಯ ವೇಳೆ ಲೋಹದಲ್ಲಿ ಉಳಿದ ಬಿಗಿತ ಮೂರೂ ಕೂಡಿದಾಗ ಹಿತ್ತಾಳೆ ಬಿರುಕು ಬಿಡುತ್ತದೆಂದು 1921ರಲ್ಲಿ ಖಚಿತವಾಯಿತು. ಋತುವಿನೊಂದಿಗೆ ಬರುವ ಬಿರುಕೆಂದು ಅದಕ್ಕೆ ಸೀಸನ್ ಕ್ರ್ಯಾಕಿಂಗ್ ಎಂಬ ಹೆಸರೇ ಉಳಿದಿದೆ. ಗಾಜು ಒರೆಸುವ ದ್ರವದಿಂದ ಒಮ್ಮೆ ಒರೆಸಿ ನೀರಿನಲ್ಲಿ ತೊಳೆದ ಮಾತ್ರಕ್ಕೆ ಏರ್‌ಬ್ರಷ್ ಸೀಳುವುದಿಲ್ಲ. ಆದರೆ ಲೇಪ ಕಿತ್ತ ಒಡಲನ್ನು, ಸ್ಕ್ರೂನಂತೆ ಬಿಗಿದ ಪುಟ್ಟ ನಾಝಲ್ ಅನ್ನು ಅದರಲ್ಲಿ ಗಂಟೆಗಟ್ಟಲೆ ನೆನೆಸುವುದು ಮುಂಬಯಿಯ ಹವೆಯಲ್ಲಿ ಆಪತ್ತನ್ನು ಕರೆದು ಕೂರಿಸಿದ ಹಾಗೆ.

ನೆನೆಸಲೇಬೇಕಿದ್ದರೆ ನೆನೆಸಬಹುದಾದದ್ದು ನಾಝಲ್, ಮೂತಿಯ ಕ್ಯಾಪ್ ಎರಡೇ. ಅವಕ್ಕೆ ಅಂಟಿದ ರಬ್ಬರ್ ರಿಂಗ್ ಇದ್ದರೆ ಮೊದಲು ತೆಗೆದಿಡಬೇಕು. ಹತ್ತು–ಹದಿನೈದು ನಿಮಿಷ ಸಾಕು. ಅಕ್ರಿಲಿಕ್‌ಗೆ ಏರ್‌ಬ್ರಷ್ ಕ್ಲೀನರ್, ಇಲ್ಲವಾದರೆ ಐಸೋಪ್ರೊಪೈಲ್ ಆಲ್ಕೋಹಾಲ್. ಸರ್ಕ್ಯೂಟ್ ಬೋರ್ಡ್ ಒರೆಸಲು ಬಳಸುವುದರಿಂದ ಲ್ಯಾಮಿಂಗ್ಟನ್ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತದೆ. ಹಸಿ ಅಕ್ರಿಲಿಕ್ ಇರುವಾಗಲೇ ಆಲ್ಕೋಹಾಲ್ ಸುರಿಯಬಾರದು. ಕೆಲವು ಬಣ್ಣಗಳು ಒಡೆದ ಹಾಲಿನಂತೆ ಗಂಟುಗಂಟಾಗಿ ನಾಝಲ್ ಕಟ್ಟುತ್ತವೆ. ಮೊದಲು ನೀರು, ಆಮೇಲೆ ಆಲ್ಕೋಹಾಲ್. ಮನೆಯಲ್ಲಿದೆಯೆಂದು ಕೈಗೆ ಹಚ್ಚುವ ಸ್ಯಾನಿಟೈಸರ್ ಹಾಕುವವರೂ ಇದ್ದಾರೆ. ಅದರಲ್ಲಿ ಗ್ಲಿಸರಿನ್ ಇರುತ್ತದೆ, ಜೆಲ್ ಆದರೆ ಗಟ್ಟಿಯಾಗಿಸುವ ಪದಾರ್ಥವೂ ಇರುತ್ತದೆ, ಬೇಡ. ಲ್ಯಾಕರ್, ಎನಾಮೆಲ್ ಬಣ್ಣಗಳಿಗೆ ಮಾತ್ರ ಆಯಾ ಥಿನ್ನರ್. ಥಿನ್ನರ್‌ನ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿಯುತ್ತದೆ. ಒಂದೇ ಕೋಣೆಯ ಚಾಳಿನ ಮನೆಯಲ್ಲಿ ದೇವರ ದೀಪ ಅಥವಾ ಗ್ಯಾಸ್ ಒಲೆ ಉರಿಯುತ್ತಿರುವಾಗ ಅದರ ಮುಚ್ಚಳ ತೆಗೆಯಬಾರದು. ಆಲ್ಕೋಹಾಲ್‌ಗೂ ಇದೇ ಮಾತು.

ನಾಝಲ್‌ನ ಒಳಗನ್ನು ಹೊಲಿಗೆ ಸೂಜಿಯಿಂದಾಗಲಿ ಸೇಫ್ಟಿ ಪಿನ್ನಿನಿಂದಾಗಲಿ ಚುಚ್ಚಬಾರದು. ಉಕ್ಕು ತಾಗಿದರೆ ಮೃದುವಾದ ನಾಝಲ್‌ನ ತುದಿ ಕಹಳೆಯ ಬಾಯಿಯಂತೆ ಅಗಲವಾಗುತ್ತದೆ. ಹಲ್ಲಿನ ಸಂದಿಗೆ ಬಳಸುವ ಅತಿ ಸಣ್ಣ ಇಂಟರ್‌ಡೆಂಟಲ್ ಬ್ರಷ್‌ನ ರೋಮವನ್ನು ಹಿಂಬದಿಯಿಂದ ಹಾಕಿ ಮೆಲ್ಲನೆ ತಿರುಗಿಸಬಹುದು, ತುದಿಯ ತನಕ ತಳ್ಳಬಾರದು. ಒಡಲಿನೊಳಗೆ ಒದ್ದೆ ಕುಂಚ ಸಾಕು. ಕೊನೆಯ ತೊಳೆತಕ್ಕೆ ತಾನ್ಸಾ, ಭಾತ್ಸಾ ಜಲಾಶಯಗಳಿಂದ ಬರುವ ನಲ್ಲಿ ನೀರು ಅಡ್ಡಿಯಿಲ್ಲ. ಟ್ಯಾಂಕರ್ ಅಥವಾ ಬೋರ್‌ವೆಲ್ ನೀರು ಬರುವ ಕಟ್ಟಡಗಳಲ್ಲಿ ಶುದ್ಧೀಕರಿಸಿದ ನೀರು ಬಳಸಬೇಕು. ಗಡಸು ನೀರು ಆರಿದರೆ ಸೂಜಿಯ ಮೇಲೆ ಬಿಳಿ ಪುಡಿ ಕೂರುತ್ತದೆ.

ಸೂಜಿಯನ್ನು ಟಿಶ್ಯೂನಲ್ಲಿ ಹಿಡಿದು, ಬುಡದಿಂದ ಮೊನೆಯ ಕಡೆಗೆ ಎಳೆಯುತ್ತ, ತಿರುಗಿಸುತ್ತ ಒರೆಸಬೇಕು. ಮೊನೆಯಿಂದ ಬುಡಕ್ಕೆ ಒರೆಸಿದರೆ ಬೆರಳಿಗೂ ಗಾಯ, ಸೂಜಿಗೂ ಕೇಡು. ಮೊನೆ ನೆಟ್ಟಗಿದೆಯೇ ಎಂದು ಕಣ್ಣಿಗೆ ಕಾಣದು. ಉಗುರಿನ ಮೇಲೆ ಸೂಜಿಯನ್ನು ಓರೆಯಾಗಿಟ್ಟು, ಉರುಳಿಸುತ್ತ ಹಿಂದಕ್ಕೆ ಎಳೆದರೆ ಕೈಗೆ ತಿಳಿಯುತ್ತದೆ: ನೆಟ್ಟಗಿದ್ದರೆ ಜಾರುತ್ತದೆ, ಬಾಗಿದ್ದರೆ ಒಂದು ಬದಿಯಲ್ಲಿ ಕೆರೆಯುತ್ತದೆ. ಸ್ವಲ್ಪ ಬಾಗಿದ್ದನ್ನು ಗಾಜಿನ ಮೇಲೆ ಒತ್ತಿ ಉರುಳಿಸಿ ಸರಿಪಡಿಸಬಹುದು. ಕೊಕ್ಕೆಯಾಗಿದ್ದರೆ ಹೊಸದೇ ದಾರಿ, ಏಕೆಂದರೆ ಆ ಕೊಕ್ಕೆ ನಾಝಲ್ ಅನ್ನೂ ಗೀರಿ ಹಾಕುತ್ತದೆ.

ಮರುಜೋಡಣೆ ಬಿಚ್ಚಿದ್ದರ ತಿರುಗುಮುರುಗು. ನಾಝಲ್ ಮೊದಲು, ಸೂಜಿ ಕೊನೆಗೆ. ನಾಝಲ್ ಅನ್ನು ಬೆರಳಲ್ಲಿ ತಿರುಗಿಸಿ, ಪೆಟ್ಟಿಗೆಯಲ್ಲಿ ಬಂದ ಪುಟ್ಟ ಸ್ಪ್ಯಾನರ್‌ನಿಂದ ತಡೆ ತಾಗುವವರೆಗೆ ಮಾತ್ರ ಬಿಗಿಯಬೇಕು. ಅದರಾಚೆಗಿನ ಕಾಲು ಸುತ್ತಿಗೆ ಥ್ರೆಡ್ ಮುರಿದು ಒಡಲಿನಲ್ಲೇ ಉಳಿಯುತ್ತದೆ, ಉಪಕರಣ ಅಲ್ಲಿಗೆ ಮುಗಿಯಿತು. ಸೂಜಿಯ ನಡುಭಾಗಕ್ಕೆ ಏರ್‌ಬ್ರಷ್ ಲೂಬ್ರಿಕೆಂಟ್‌ನ ಒಂದು ಚುಕ್ಕೆ ಸವರಬೇಕು, ಮೊನೆಗೆ ತಾಗಿಸಬಾರದು. ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಬೇಡ. ಎಣ್ಣೆಯ ಕಣ ಬಣ್ಣಕ್ಕೆ ಸೇರಿದಲ್ಲಿ ಮೀನಿನ ಕಣ್ಣಿನಂಥ ಕುಳಿ ಬೀಳುತ್ತದೆ. ಸೂಜಿಯನ್ನು ಹಿಂದಿನಿಂದ ತೂರಿಸಿ, ನಾಝಲ್‌ಗೆ ತಾಗಿತೆಂದು ಅನಿಸಿದ ಕ್ಷಣ ನಿಲ್ಲಿಸಿ, ನಟ್ ಬಿಗಿಯಬೇಕು. ನಡುವೆ ತಡೆದರೆ ಟ್ರಿಗರ್‌ನ ಹಿಂದಿನ ಲಿವರ್ ವಾಲಿದೆ ಎಂದರ್ಥ. ಬಲ ಹಾಕದೆ ಅದನ್ನು ಸರಿಪಡಿಸಬೇಕು. ಬಟ್ಟಲಿಗೆ ನೀರು ಹಾಕಿ ಗಾಳಿ ಬಿಟ್ಟಾಗ ಗುಳ್ಳೆ ಎದ್ದರೆ ನಾಝಲ್ ಸರಿಯಾಗಿ ಕೂತಿಲ್ಲ ಅಥವಾ ಸೀಳಿದೆ. ಟ್ರಿಗರ್ ಎಳೆಯದೆಯೇ ಹನಿ ಹಾರಿದರೆ ಸೂಜಿ ಪೂರ್ತಿ ಮುಂದಕ್ಕೆ ಹೋಗಿಲ್ಲ.

ಇಷ್ಟೆಲ್ಲ ಸರಿಯಿದ್ದೂ ನಡುನಡುವೆ ನೀರಿನ ಹನಿ ಉಗುಳಿದರೆ ತಪ್ಪು ಏರ್‌ಬ್ರಷ್‌ನದಲ್ಲ, ಗಾಳಿಯದು. 30 ಡಿಗ್ರಿ ಸೆಲ್ಸಿಯಸ್, ಶೇ. 85 ಆರ್ದ್ರತೆಯಿರುವ ಜುಲೈಯ ದಿನ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 26 ಗ್ರಾಂ ನೀರಾವಿ ಇರುತ್ತದೆ. ಕಂಪ್ರೆಸರ್ ಆ ಗಾಳಿಯನ್ನು ಕಾಲು ಪಾಲಿಗೆ ಅದುಮಿ, ಅದು ಮತ್ತೆ ತಣಿದಾಗ ಏಳೂವರೆ ಗ್ರಾಂ ಮಾತ್ರ ಆವಿಯಾಗಿ ಉಳಿಯಬಲ್ಲದು. ಉಳಿದ 18 ಗ್ರಾಂ ನೀರೇ. ನಿಮಿಷಕ್ಕೆ 20 ಲೀಟರ್ ಎಳೆಯುವ ಕಂಪ್ರೆಸರ್ 50 ನಿಮಿಷ ಓಡಿದರೆ ಒಂದು ದೊಡ್ಡ ಚಮಚಕ್ಕೂ ಮಿಕ್ಕ ನೀರಾಯಿತು. ಗಾಳಿ ಬಿಸಿಯಾಗಿ ಹೊರಟು ಹೋಸ್‌ನಲ್ಲಿ ತಣಿಯುವುದರಿಂದ ಕಂಪ್ರೆಸರ್‌ಗೆ ಅಂಟಿದ ತೇವ ಫಿಲ್ಟರ್ ಒಂದೇ ಸಾಲದು; ಏರ್‌ಬ್ರಷ್‌ನ ಹತ್ತಿರ ಇನ್ನೊಂದು ಬೇಕು. ಟ್ಯಾಂಕ್‌ನ ತಳದ ತಿರುಪನ್ನು ಪ್ರತಿದಿನದ ಕೆಲಸದ ಕೊನೆಗೆ, ಸ್ವಲ್ಪ ಒತ್ತಡ ಉಳಿದಿರುವಾಗಲೇ ಬಿಚ್ಚಿ ನೀರು ಬಸಿಯಬೇಕು. ಅಕ್ರಿಲಿಕ್‌ಗೆ 15ರಿಂದ 20 ಪಿಎಸ್‌ಐ ಒತ್ತಡ ಸಾಕು.

ತೊಳೆದ ಏರ್‌ಬ್ರಷ್‌ನ ತೇವ ಆರಿದ ಮೇಲೆ, ಮೂತಿಗೆ ಕ್ಯಾಪ್ ಹಾಕಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿಡಬೇಕು. ಆರು ತಿಂಗಳು ಬಳಸದಿದ್ದರೂ ನಡುವೆ ಒಮ್ಮೆ ಸೂಜಿ ತೆಗೆದು ಒರೆಸುವುದು ಒಳ್ಳೆಯದು. ಅದೇ ಮಾದರಿಯ ಒಂದು ನಾಝಲ್, ಒಂದು ಸೂಜಿ ಹೆಚ್ಚಿಗೆ ಇರಲಿ. ಬಣ್ಣಕ್ಕೆ ಬಳಸಿದ ಏರ್‌ಬ್ರಷ್ ಅನ್ನು ಎಷ್ಟೇ ತೊಳೆದರೂ ಕೇಕ್ ಅಲಂಕಾರಕ್ಕೆ ಬಳಸಬಾರದು.